ಮನೆ ಲೆಕ್ಕ: ಆದಾಯ ಎಷ್ಟು ಅಂತ ಕೇಳಿದರೆ ಸಾಲದು

ಹೋದ ಸಂಚಿಕೆಯಲ್ಲಿ ಕೈಸಾಲದ ಬಗ್ಗೆ ಬರೆದ ಮೇಲೆ ತುಂಬಾ ಪತ್ರಗಳು ಬಂದವು. ಹೆಚ್ಚಿನವು ಕಾಸರಗೋಡು ಜಿಲ್ಲೆಯವು. ದುಡಿಮೆ ಇದೆ, ದುಡ್ಡೂ ಬರುತ್ತಿದೆ, ಆದರೂ ಮನೆ ಸುಧಾರಿಸುತ್ತಿಲ್ಲ, ಯಾಕೆ ಅಂತ ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಕೇಳಿದ್ದಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ವರ್ಷಕ್ಕೆ ಆರು ಲಕ್ಷದ ಅಡಿಕೆ ಮಾರುತ್ತೇವೆ. ಪಕ್ಕದ ಮನೆಯ ಮಾಷ್ಟ್ರ ಸಂಬಳವೂ ವರ್ಷಕ್ಕೆ ಅಷ್ಟೇ. ಅವರು ಮನೆ ಕಟ್ಟಿದರು, ಮಗಳನ್ನು ಓದಿಸಿದರು. ನಾವು ಪ್ರತಿ ಮಳೆಗಾಲ ಚಿನ್ನ ಅಡವಿಡುತ್ತೇವೆ. ಆದಾಯ ಒಂದೇ ಆದರೆ ಬದುಕು ಯಾಕೆ ಒಂದೇ ಅಲ್ಲ?
(ಬದಿಯಡ್ಕ ಹತ್ತಿರದ ಕೃಷಿಕರು)

ಉತ್ತರ: ನಿಮ್ಮಿಬ್ಬರ ಆದಾಯ ಒಂದೇ ಅಲ್ಲ. ಅಲ್ಲಿಂದಲೇ ಶುರು ಮಾಡೋಣ.

ಮಾಷ್ಟ್ರ ಆರು ಲಕ್ಷ ಮನೆಗೆ ಬರುವ ದುಡ್ಡು. ನಿಮ್ಮ ಆರು ಲಕ್ಷ ಮಾರಾಟದ ದುಡ್ಡು. ಅದರಲ್ಲಿ ಗೊಬ್ಬರ, ಮೈಲುತುತ್ತು ಮತ್ತು ಸುಣ್ಣ, ಮದ್ದು ಬಿಡುವವರ ಕೂಲಿ, ಕೊಯ್ಲು, ಸುಲಿಯುವ ಖರ್ಚು, ಪಂಪಿನ ಕರೆಂಟು, ಎಲ್ಲಾ ಕಳೆಯಬೇಕು. ಪತ್ರದಲ್ಲಿ ನೀವೇ ಬರೆದ ಹಾಗೆ ಎರಡೂವರೆ ಲಕ್ಷ ತೋಟಕ್ಕೇ ಹೋಗುತ್ತದೆ. ಉಳಿಯುವುದು ಮೂರೂವರೆ ಲಕ್ಷ. ಅದರಲ್ಲಿ ನಿಮ್ಮದೂ ನಿಮ್ಮ ಹೆಂಡತಿಯದೂ ವರ್ಷವಿಡೀ ದುಡಿದ ಕೂಲಿ ಸೇರಿದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ಮನೆಯಲ್ಲಿರುವ ಜನ. ನಿಮ್ಮ ಮನೆಯಲ್ಲಿ ಆರು ಮಂದಿ, ಅವರಲ್ಲಿ ಮೂರು. ಹಾಗಂತ ಆರಕ್ಕೆ ಭಾಗಿಸಿದರೂ ತಪ್ಪಾಗುತ್ತದೆ. ಯಾಕೆಂದರೆ ಮನೆಯ ಮಾಡು, ಬಾವಿ, ಅಡುಗೆ ಒಲೆ ಎಲ್ಲರಿಗೂ ಒಂದೇ ಇರುತ್ತದೆ. ಅರ್ಥಶಾಸ್ತ್ರಜ್ಞರು ಇದಕ್ಕೊಂದು ಸುಲಭ ದಾರಿ ಮಾಡಿಕೊಂಡಿದ್ದಾರೆ. ಮನೆಯ ಆದಾಯವನ್ನು ಮಂದಿಯ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವುದು. ಆರರ ವರ್ಗಮೂಲ ಸುಮಾರು 2.45, ಮೂರರದ್ದು 1.73. ಈ ಲೆಕ್ಕದಲ್ಲಿ ನಿಮ್ಮ ಮನೆಯದು ಸುಮಾರು 1.43 ಲಕ್ಷ, ಅವರದು 3.46 ಲಕ್ಷ. ಬೇಲಿಯ ಆಚೆ ಈಚೆ ಸಮ ಅಂತ ಕಂಡದ್ದು ನಿಜಕ್ಕೂ ಒಂದಕ್ಕೆ ಎರಡೂಕಾಲಕ್ಕಿಂತ ಜಾಸ್ತಿ ವ್ಯತ್ಯಾಸ.

ಇಷ್ಟಕ್ಕೇ ಮುಗಿಯುವುದಿಲ್ಲ. ಇನ್ನೂ ದೊಡ್ಡ ವ್ಯತ್ಯಾಸ ದುಡ್ಡು ಬರುವ ಹೊತ್ತಿನದು. ಮಾಷ್ಟ್ರಿಗೆ ಪ್ರತಿ ತಿಂಗಳೂ ಬರುತ್ತದೆ, ಮುಂದಿನ ವರ್ಷವೂ ಬರುತ್ತದೆ ಅಂತ ಗೊತ್ತಿದೆ. ನಿಮ್ಮ ಹಣ ಕೊಯ್ಲಾಗಿ, ಅಂಗಳದಲ್ಲಿ ಒಣಗಿ, ಸುಲಿದು ಆದ ಮೇಲೆ. ಆದರೆ ಮಕ್ಕಳ ಫೀಸು ಜೂನ್‌ನಲ್ಲಿ, ಕೊಳೆರೋಗದ ಮದ್ದಿನ ಖರ್ಚೂ ಆಗಲೇ. ಕೈಯಲ್ಲಿ ದುಡ್ಡಿಲ್ಲದ ತಿಂಗಳುಗಳಲ್ಲೇ ಖರ್ಚು ಬಂದು ನಿಲ್ಲುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1957ರಲ್ಲಿ ಹೇಳಿದ್ದು ಇದಕ್ಕೆ ಸಂಬಂಧಪಟ್ಟದ್ದೇ: ಜನ ಈ ತಿಂಗಳ ಆದಾಯ ನೋಡಿ ಮಾತ್ರ ಖರ್ಚು ಮಾಡುವುದಿಲ್ಲ, ಮುಂದೆಯೂ ಖಂಡಿತ ಬರುತ್ತದೆ ಎಂದು ನಂಬಿದ ಆದಾಯ ನೋಡಿ ಬದುಕು ಕಟ್ಟುತ್ತಾರೆ. ನಿಮಗೆ ಆ ನಂಬಿಕೆ ಇಲ್ಲ. ಒಂದು ಮಳೆಗಾಲ ಕೊಳೆ ಬಂದರೆ, ಇಲ್ಲವೇ ಎಲೆಚುಕ್ಕಿ ರೋಗ ಹಬ್ಬಿದರೆ, ಆರು ಲಕ್ಷ ಮೂರಾಗಬಹುದು. ಬ್ಯಾಂಕಿಗೂ ಅದು ಗೊತ್ತು. ಮಾಷ್ಟ್ರ ಸಂಬಳದ ಚೀಟಿ ನೋಡಿ ಸಾಲ ಕೊಡುತ್ತದೆ, ನಿಮ್ಮ ಹತ್ತಿರ ಚಿನ್ನ ಕೇಳುತ್ತದೆ.

ಅಡಿಕೆ ಬೆಳೆಯುವವರಲ್ಲೇ ಇನ್ನೊಂದು ಅಸಮಾನತೆ ಇದೆ, ಇದು ನನಗೆ ತುಂಬಾ ನೋವು ಕೊಡುವ ವಿಷಯ. ಚಾಲಿ ಅಡಿಕೆಯನ್ನು, ಅಂದರೆ ಒಣಗಿಸಿ ಸುಲಿದದ್ದನ್ನು, ಒಂದು ವರ್ಷ ಇಟ್ಟು ಹಳೆ ಅಡಿಕೆ ಮಾಡಿ ಮಾರಿದರೆ ಸಾಮಾನ್ಯವಾಗಿ ಹೊಸ ಅಡಿಕೆಗಿಂತ ಒಳ್ಳೆ ರೇಟು ಸಿಗುತ್ತದೆ. ಅದು ಎಲ್ಲರಿಗೂ ಗೊತ್ತು. ಆದರೆ ಇಡಬಲ್ಲವರು ಯಾರು? ಆ ವರ್ಷದ ಖರ್ಚಿಗೆ ಬೇರೆ ದಾರಿ ಇದ್ದವರು. ಸಾಲದ ಕಂತು ಕಾಯುತ್ತಿರುವವರು ಅಂಗಳದಿಂದ ನೇರ ಅಂಗಡಿಗೆ ಕೊಂಡುಹೋಗುತ್ತಾರೆ. ಅದೇ ಮರ, ಅದೇ ಬೆವರು, ಕಿಲೋಗೆ ಕಮ್ಮಿ ದುಡ್ಡು. ಹೀಗೆ ಕಮ್ಮಿ ಇದ್ದವರಿಗೆ ಇನ್ನೂ ಕಮ್ಮಿಯೇ ಸಿಗುತ್ತಾ ಹೋಗುತ್ತದೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದೇ ಬೆಲೆ ಬಿದ್ದಾಗ ಬೆಳೆಗಾರರಿಗೆ ಒಂದು ಆಸರೆ ಬೇಕು ಅಂತ. ಆದರೆ ಮನೆಯೊಳಗಿನ ಅವಸರವನ್ನು ಯಾವ ಸಂಸ್ಥೆಯೂ ಪೂರ್ತಿ ನೀಗಿಸಲಾರದು.

ನಿಮಗೆ ನಾನು ಹೇಳುವುದು ಇಷ್ಟು. ಚಿನ್ನ ಇಡುವ ಮೊದಲು ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಕೇಳಿ. ಮೂರು ಲಕ್ಷದವರೆಗೆ ಬಡ್ಡಿ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4ಕ್ಕೆ ಇಳಿಯುತ್ತದೆ. ಮತ್ತೆ, ಅಡಿಕೆ ಮಾರಿದ ದಿನವೇ ಜೂನ್, ಜುಲೈ, ಆಗಸ್ಟ್‌ನ ಮನೆ ಖರ್ಚನ್ನು ಬೇರೆ ಖಾತೆಗೆ ಹಾಕಿಬಿಡಿ. ಉಳಿದರೆ ಹಾಕೋಣ ಅಂದರೆ ಉಳಿಯುವುದಿಲ್ಲ. ಇದರಿಂದ ನೀವು ಮಾಷ್ಟ್ರ ಸಮ ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬಡ್ಡಿಗೆ ಹೋಗುವ ದುಡ್ಡು ಮನೆಯಲ್ಲೇ ಉಳಿಯುತ್ತದೆ.

ಪ್ರಶ್ನೆ: ದೇಶದಲ್ಲೇ ಜಾಸ್ತಿ ಕೂಲಿ ಕೇರಳದಲ್ಲಿ ಅಂತ ಪೇಪರಿನಲ್ಲಿ ಓದಿದೆ. ನನ್ನ ಗಂಡ ಮೇಸ್ತ್ರಿ ಕೆಲಸ ಮಾಡುತ್ತಾರೆ. ನಾನು ಬೀಡಿ ಕಟ್ಟುತ್ತೇನೆ. ಅಷ್ಟು ಕೂಲಿ ಇದ್ದರೆ ನಮ್ಮ ಮನೆಯಲ್ಲಿ ಯಾಕೆ ಕಾಣುವುದಿಲ್ಲ?
(ಪೆರ್ಲದ ಗೃಹಿಣಿ)

ಉತ್ತರ: ಅಕ್ಕ, ಪೇಪರಿನವರು ಬರೆದದ್ದು ಸರಿ. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಂಕಿಗಳ ಪ್ರಕಾರ 2022-23ರಲ್ಲಿ ಕೇರಳದ ಹಳ್ಳಿಗಳಲ್ಲಿ ಕಟ್ಟಡ ಕೆಲಸದವರ ದಿನಗೂಲಿ ಸರಾಸರಿ ₹852.5. ಇಡೀ ದೇಶದ ಸರಾಸರಿ ₹393.3. ಆದರೆ ಅದು ಒಂದು ದಿನದ ಕೂಲಿ. ತಿಂಗಳಿಗೆ ಎಷ್ಟು ದಿನ ಕೆಲಸ ಅಂತ ಅದರಲ್ಲಿ ಇಲ್ಲ. ಇಪ್ಪತ್ತೈದು ದಿನ ಕೆಲಸ ಸಿಕ್ಕರೆ ₹21,000 ದಾಟುತ್ತದೆ. ಹದಿನೈದು ದಿನವಾದರೆ ₹13,000 ಕೂಡ ಇಲ್ಲ. ನಮ್ಮ ಕಡೆ ಆಟಿ ತಿಂಗಳ ಮಳೆಯಲ್ಲಿ ಗಾರೆ ಕೆಲಸ ಎಷ್ಟು ದಿನ ನಡೆಯುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟ ವಿಷಯ: "ಅವರ ಕೂಲಿ ಪೂರ್ತಿ ಮನೆಗೆ ಬರುವುದಿಲ್ಲ." ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದು. ಸರ್ಕಾರದ ಖರ್ಚಿನ ಸಮೀಕ್ಷೆಯವರು ಬಂದಾಗ ಮನೆಯನ್ನು ಒಂದು ಅಂತ ಲೆಕ್ಕ ಹಾಕುತ್ತಾರೆ. ಒಳಗೆ ಯಾರ ಕೈಯಲ್ಲಿ ದುಡ್ಡಿದೆ, ಯಾರು ಕೇಳಿ ಪಡೆಯಬೇಕು ಅಂತ ಬರೆದುಕೊಳ್ಳುವುದಿಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಹಲವು ವರ್ಷ ಹೇಳಿದ್ದು ಇದನ್ನೇ: ಬಡತನ ಮನೆಗಳ ನಡುವೆ ಮಾತ್ರ ಅಲ್ಲ, ಮನೆಯ ಒಳಗೂ ಇದೆ. 1970ರ ದಶಕದ ಕೊನೆಯಲ್ಲಿ ಬ್ರಿಟನ್‌ನಲ್ಲಿ ಮಕ್ಕಳಿಗಾಗಿ ಕೊಡುವ ಸಹಾಯವನ್ನು ಅಪ್ಪನ ಸಂಬಳದ ಜೊತೆ ಕೊಡುವುದನ್ನು ನಿಲ್ಲಿಸಿ ಅಮ್ಮನ ಕೈಗೆ ಕೊಡಲು ಶುರು ಮಾಡಿದರು. ಆಮೇಲೆ ನೋಡಿದರೆ ಗಂಡಸರ ಬಟ್ಟೆಗೆ ಹೋಲಿಸಿದಾಗ ಹೆಂಗಸರ ಮತ್ತು ಮಕ್ಕಳ ಬಟ್ಟೆಗೆ ಆಗುವ ಖರ್ಚು ಹೆಚ್ಚಾಗಿತ್ತು. ಮನೆಗೆ ಬರುವ ಸಹಾಯ ಅದೇ, ಪಡೆಯುವ ಕೈ ಮಾತ್ರ ಬೇರೆ.

ನಿಮ್ಮ ಬೀಡಿ ದುಡ್ಡು ಸಾವಿರಕ್ಕೆ ಇಷ್ಟು ಅಂತ ಬರುತ್ತದೆ. ಎಲೆ ಕೆಟ್ಟದ್ದಾಗಿದ್ದರೆ ನಷ್ಟ ನಿಮ್ಮದು. ಅಡುಗೆ, ನೀರು, ಅತ್ತೆಯ ಔಷಧ ಮುಗಿಸಿ ಉಳಿದ ಹೊತ್ತಿನಲ್ಲಿ ಕಟ್ಟಬೇಕು. 2019ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ ಅಂತ ಬಂದಿದೆ. ಅಂದರೆ ದುಡಿಯುವ ಹೊತ್ತೇ ನಿಮಗೆ ಕಮ್ಮಿ ಸಿಗುತ್ತಿದೆ. ಅದಕ್ಕೇ ಕೈಗೆ ಬರುವ ದುಡ್ಡೂ ಕಮ್ಮಿ. ಮನೆಯಲ್ಲಿ ಮಾತಿಗೆ ತೂಕ ಕಮ್ಮಿಯಾಗುವುದೂ ಇಲ್ಲಿಂದಲೇ ಅಲ್ವಾ?

ಎರಡು ಕೆಲಸ ಮಾಡಿ. ನಿಮ್ಮ ಪಿ.ಎಫ್. ಪುಸ್ತಕ ನೋಡಿ, ಕಂತು ಸರಿಯಾಗಿ ಹೋಗಿದೆಯೋ ಕೇಳಿ. ಬೀಡಿ ಕೆಲಸದವರಲ್ಲಿ ವರ್ಷಗಟ್ಟಲೆ ಕಟ್ಟಿಯೂ ಹೆಸರಿನ ಅಕ್ಷರ ತಪ್ಪಿ, ಹುಟ್ಟಿದ ದಿನ ತಪ್ಪಿ ಪಿಂಚಣಿಗೆ ಅಲೆಯುವವರು ಇದ್ದಾರೆ. ನಮ್ಮಲ್ಲಿ ಒಂದು ದಾಖಲೆ ಕನ್ನಡದಲ್ಲಿ, ಇನ್ನೊಂದು ಮಲಯಾಳದಲ್ಲಿ ಇರುವುದರಿಂದ ಹೆಸರು ಇನ್ನಷ್ಟು ಸುಲಭವಾಗಿ ತಪ್ಪುತ್ತದೆ. ಈಗಲೇ ಸರಿ ಮಾಡಿಸಿ. ಎರಡನೆಯದು, ಕುಟುಂಬಶ್ರೀ ಅಯಲ್‌ಕೂಟಕ್ಕೆ (ನೆರೆಹೊರೆಯ ಹೆಂಗಸರ ಉಳಿತಾಯದ ಗುಂಪಿಗೆ) ವಾರ ವಾರ ಹಾಕುವ ಉಳಿತಾಯವನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. 1998ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ನನಗೆ ತುಂಬಾ ಬೆಲೆ ಕಾಣುವುದು ಇಲ್ಲಿ: ಸಾಲ ಬೇಕಾದಾಗ ನಿಮ್ಮ ಹೆಸರಿನಲ್ಲಿ, ನಿಮ್ಮ ಸಹಿಯಲ್ಲಿ ಸಿಗುತ್ತದೆ. ಗಂಡನ ಜೊತೆ ಜಗಳ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ವಾರಕ್ಕೆ ಇಷ್ಟು ಮನೆಗೆ ಅಂತ ಮೊದಲೇ ಮಾತಾಡಿ ಇಟ್ಟುಕೊಳ್ಳಿ, ಕೂಲಿ ಸಿಕ್ಕ ಸಂಜೆ ಅಲ್ಲ, ಅದಕ್ಕೆ ಮೊದಲೇ.

ಪ್ರಶ್ನೆ: ಗಿನಿ ಸೂಚ್ಯಂಕದ ಪ್ರಕಾರ ಭಾರತದಲ್ಲಿ ಅಸಮಾನತೆ ತುಂಬಾ ಕಮ್ಮಿ ಅಂತ ಒಬ್ಬರು ಹೇಳುತ್ತಾರೆ. ಬ್ರಿಟಿಷರ ಕಾಲಕ್ಕಿಂತ ಜಾಸ್ತಿ ಅಂತ ಇನ್ನೊಬ್ಬರು. ಯಾವುದು ಸರಿ?
(ಕಾಸರಗೋಡಿನ ಪದವಿ ವಿದ್ಯಾರ್ಥಿ)

ಉತ್ತರ: ಇಬ್ಬರೂ ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತಿದ್ದಾರೆ. ಗಿನಿ ಸೂಚ್ಯಂಕ ಅಂದರೆ ಇಟಲಿಯ ಸಂಖ್ಯಾಶಾಸ್ತ್ರಜ್ಞ ಕೊರಾಡೊ ಗಿನಿ 1912ರಲ್ಲಿ ಕೊಟ್ಟ ಅಸಮಾನತೆಯ ಅಳತೆ. ಎಲ್ಲರಿಗೂ ಸಮ ಇದ್ದರೆ ಸೊನ್ನೆ, ಎಲ್ಲಾ ಒಬ್ಬರ ಹತ್ತಿರವೇ ಇದ್ದರೆ ನೂರು. 2022-23ಕ್ಕೆ ಭಾರತದ್ದು 25.5 ಅಂತ ವಿಶ್ವ ಬ್ಯಾಂಕ್ ಹೇಳಿದೆ. ಆದರೆ ಅದು ಖರ್ಚಿನ ಲೆಕ್ಕ, ಆದಾಯದ್ದಲ್ಲ. ತಿಂಗಳಿಗೆ ಹತ್ತು ಸಾವಿರ ದುಡಿಯುವವರು ಹತ್ತು ಸಾವಿರವನ್ನೂ ಖರ್ಚು ಮಾಡುತ್ತಾರೆ, ಸಾಲ ಮಾಡಿ ಹನ್ನೊಂದೂ ಮಾಡುತ್ತಾರೆ. ಹತ್ತು ಲಕ್ಷ ದುಡಿಯುವವರು ಅದರ ಒಂದು ಪಾಲು ಮಾತ್ರ ಖರ್ಚು ಮಾಡಿ ಉಳಿದದ್ದನ್ನು ಜಾಗಕ್ಕೆ, ಷೇರಿಗೆ ಹಾಕುತ್ತಾರೆ. ಖರ್ಚು ನೋಡಿದರೆ ಅಂತರ ಚಿಕ್ಕದಾಗಿ ಕಾಣುತ್ತದೆ. ಜೊತೆಗೆ ದೊಡ್ಡ ಶ್ರೀಮಂತರು ಸಮೀಕ್ಷೆಯವರಿಗೆ ಸಿಗುವುದೂ ಅಪರೂಪ.

ಆದಾಯ ತೆರಿಗೆ ದಾಖಲೆಗಳನ್ನೂ ಸೇರಿಸಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಮಾಡಿದ ಲೆಕ್ಕದಲ್ಲಿ, 2022-23ರಲ್ಲಿ ದೇಶದ ಆದಾಯದ ಶೇ 22.6 ಮೇಲಿನ ಶೇ 1 ಜನರಿಗೆ ಹೋಗಿದೆ, ಆಸ್ತಿಯಲ್ಲಿ ಅವರ ಪಾಲು ಶೇ 40.1. ಬ್ರಿಟಿಷರ ಕಾಲಕ್ಕಿಂತ ಜಾಸ್ತಿ ಎನ್ನುವ ಮಾತು ಬಂದದ್ದು ಈ ಲೆಕ್ಕದಿಂದ. ಇದು ಕೂಡ ಅಂದಾಜೇ, ಆದರೆ ದುಡ್ಡು ಎಲ್ಲಿ ಸೇರುತ್ತಿದೆ ಅಂತ ತಿಳಿಯಲು ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ಕೇರಳದಲ್ಲಿ ಅಂತರ ಎಷ್ಟು ಅಂತಲೂ ಪತ್ರದಲ್ಲಿ ಕೇಳಿದ್ದೀರಿ. ಅದೇ 2022-23ರ ಖರ್ಚಿನ ಸಮೀಕ್ಷೆಯಲ್ಲಿ ದೇಶದ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು ₹3,773, ಪೇಟೆಯಲ್ಲಿ ₹6,459. ಕೇರಳದಲ್ಲಿ ಹಳ್ಳಿಯದು ₹5,924, ಪೇಟೆಯದು ₹7,078. ಹಳ್ಳಿ ಮತ್ತು ಪೇಟೆಯ ಅಂತರ ಇಲ್ಲಿ ನಿಜವಾಗಿಯೂ ಸಣ್ಣದು. ಆದರೆ ನಮ್ಮ ಎನ್ಮಕಜೆಯಂಥ ಹಳ್ಳಿಯನ್ನೂ ಶ್ರೀಮಂತ ಎರ್ನಾಕುಲ ಜಿಲ್ಲೆಯ ಹಳ್ಳಿಯನ್ನೂ ಸೇರಿಸಿ ಮಾಡಿದ ಸರಾಸರಿ ಅದು, ಓದುವಾಗ ಅದನ್ನು ಮರೆಯಬೇಡಿ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ತಿಂಗಳು ತಿಂಗಳು ಕಳಿಸುತ್ತಾನೆ. ಹತ್ತು ವರ್ಷದ ಹಿಂದೆ ನೋಡಿದರೆ ನಾವು ಎಷ್ಟೋ ಮೇಲೆ ಬಂದಿದ್ದೇವೆ. ಆದರೂ ನೆಮ್ಮದಿ ಇಲ್ಲ. ಸುತ್ತಲಿನ ಮನೆಗಳನ್ನು ನೋಡಿದಾಗ ನಾವೇ ಬಡವರು ಅನ್ನಿಸುತ್ತದೆ.
(ಉಪ್ಪಳದ ತಂದೆ)

ಉತ್ತರ: ಇದು ನಿಮ್ಮ ಮನಸ್ಸಿನ ದೋಷ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಇದೇ ವಿಷಯ ಎತ್ತಿದರು. ಒಂದು ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ಖುಷಿಯಾಗಿರುತ್ತಾರೆ, ಆದರೆ ಇಡೀ ದೇಶದ ಆದಾಯ ಏರಿದರೂ ಜನರ ಖುಷಿ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ ಎಂದರು. ಯಾಕೆಂದರೆ ನಾವು ನಮ್ಮ ಹಿಂದಿನ ದಿನದ ಜೊತೆಗಿಂತ ಹೆಚ್ಚಾಗಿ ಪಕ್ಕದವರ ಜೊತೆ ಹೋಲಿಸಿಕೊಳ್ಳುತ್ತೇವೆ. ಇದರ ಬಗ್ಗೆ ವಾದ ಇನ್ನೂ ನಡೆಯುತ್ತಿದೆ. 2010ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್, ವರ್ಷಕ್ಕೆ 75,000 ಡಾಲರ್ ಆದ ಮೇಲೆ ಅಮೆರಿಕನ್ನರ ದಿನನಿತ್ಯದ ಖುಷಿ ಏರುವುದಿಲ್ಲ ಎಂದರು. 2023ರಲ್ಲಿ ಕಾನೆಮನ್ ಅವರೇ ಇತರರ ಜೊತೆ ಸೇರಿ ಮತ್ತೆ ನೋಡಿ, ಹೆಚ್ಚಿನವರಲ್ಲಿ ಅದು ಏರುತ್ತಲೇ ಹೋಗುತ್ತದೆ, ತುಂಬಾ ದುಃಖದಲ್ಲಿರುವವರಲ್ಲಿ ಮಾತ್ರ ಒಂದು ಹಂತದ ಮೇಲೆ ನಿಲ್ಲುತ್ತದೆ ಎಂದರು. ಹಾಗಾಗಿ ದುಡ್ಡಿನಿಂದ ಸುಖ ಬರುವುದಿಲ್ಲ ಎಂದು ಯಾರಾದರೂ ಸುಲಭವಾಗಿ ಹೇಳಿದರೆ ನಂಬಬೇಡಿ.

ಆದರೆ ನಿಮ್ಮ ಊರಿನಲ್ಲಿ ಹೋಲಿಕೆಗೆ ಇನ್ನೊಂದು ಮುಖ ಇದೆ. ಕೇರಳ ವಲಸೆ ಸಮೀಕ್ಷೆ 2023ರ ಪ್ರಕಾರ ಹೊರದೇಶದಲ್ಲಿರುವ ಕೇರಳದವರು ಸುಮಾರು 22 ಲಕ್ಷ, ಅವರಿಂದ ಬರುವ ಹಣ ವರ್ಷಕ್ಕೆ ಸುಮಾರು 2.16 ಲಕ್ಷ ಕೋಟಿ ರೂಪಾಯಿ. ಇಷ್ಟು ದುಡ್ಡು ಬಂದಾಗ ಊರಲ್ಲಿ ಜಾಗದ ಬೆಲೆ ಏರುತ್ತದೆ, ಕೆಲಸದವರ ಕೂಲಿ ಏರುತ್ತದೆ, ಮದುವೆಯ ಖರ್ಚು ಏರುತ್ತದೆ. ಗಲ್ಫಿನಲ್ಲಿ ಯಾರೂ ಇಲ್ಲದ ಮನೆಯವರೂ ಅದೇ ಬೆಲೆ ಕೊಡಬೇಕು. ನೀವು ಮೇಲೆ ಬಂದಿದ್ದೀರಿ ನಿಜ, ಆದರೆ ಏರಿದ ಬೆಲೆ ಅದರ ಒಂದು ಪಾಲನ್ನು ತಿಂದಿದೆ.

ನಿಮ್ಮ ಪತ್ರ ಓದಿ ನನಗೆ ಚಿಂತೆ ಆದದ್ದು ಬೇರೆ ಕಡೆ. ಮಗನ ವೀಸಾ ಕಂಪನಿಯದು. ಅವನ ಉಳಿತಾಯ ಪೂರ್ತಿ ಮನೆಯ ಮಹಡಿಗೆ ಹೋಗುತ್ತಿದೆ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಮಂದಿ ಕೆಲಸ ಕಳೆದುಕೊಂಡು ಬರಿಗೈಯಲ್ಲಿ ವಾಪಸ್ ಬಂದರು, ದೊಡ್ಡ ಮನೆಯಲ್ಲಿ ಕೂತು ದಿನಸಿಗೆ ಸಾಲ ಮಾಡಿದರು. ಗಲ್ಫಿನ ಆದಾಯ ದೊಡ್ಡದು, ಆದರೆ ಅದಕ್ಕೆ ಕೊನೆಯ ದಿನ ಯಾವಾಗ ಅಂತ ಗೊತ್ತಿರುವುದಿಲ್ಲ. ಮಹಡಿ ಕೆಲಸ ಈ ವರ್ಷ ನಿಲ್ಲಿಸಿ. ಮಗ ವಾಪಸ್ ಬಂದರೆ ಒಂದು ವರ್ಷ ಮನೆ ನಡೆಯುವಷ್ಟು ಅವನ ಹೆಸರಿನಲ್ಲೇ ಇರಲಿ. ಗೋಡೆ ಮಾರಿ ಅಕ್ಕಿ ತರಲಾಗುವುದಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದಲೇ ನಡೆಯಲು, ಮಾತಾಡಲು ಆಗುವುದಿಲ್ಲ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. ಐದು ಲಕ್ಷ ಪರಿಹಾರ ಬಂದ ಮೇಲೆ "ಈಗ ನಿಮಗೇನು ಕಮ್ಮಿ" ಅಂತ ಕೆಲವರು ಕೇಳುತ್ತಾರೆ. ಈ ಹಣವನ್ನು ಹೇಗೆ ಇಡಬೇಕು?
(ಎನ್ಮಕಜೆಯ ತಾಯಿ)

ಉತ್ತರ: ಹಾಗೆ ಕೇಳುವವರಿಗೆ ನೀವು ಉತ್ತರ ಕೊಡಬೇಕಾಗಿಲ್ಲ. ನಾನು ಕೊಡುತ್ತೇನೆ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅದು ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ 2011ರಲ್ಲಿ ಇಡೀ ದೇಶದಲ್ಲಿ ಅದನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಕೊಡಬೇಕು ಎಂದಿತು. ಎಷ್ಟೋ ಮನೆಗಳಿಗೆ ಆಮೇಲೂ ವರ್ಷಗಟ್ಟಲೆ ಬರಲಿಲ್ಲ.

ಒಂದೇ ಮೊತ್ತದ ದುಡ್ಡು ಎಲ್ಲಾ ಮನೆಯಲ್ಲೂ ಒಂದೇ ಬದುಕು ಕೊಡುವುದಿಲ್ಲ. ಇದನ್ನೂ ಅಮರ್ತ್ಯ ಸೇನ್ ತುಂಬಾ ಒತ್ತಿ ಹೇಳಿದ್ದಾರೆ. ಅಂಗವೈಕಲ್ಯ ಇರುವವರಿಗೆ ದುಡಿಯುವ ಅವಕಾಶ ಕಮ್ಮಿ, ಅದರ ಮೇಲೆ ಬೇರೆಯವರಷ್ಟೇ ಬದುಕು ನಡೆಸಲು ಅವರಿಗೆ ಜಾಸ್ತಿ ದುಡ್ಡು ಬೇಕು. ನಿಮ್ಮ ಮನೆಯಲ್ಲಿ ಈ ಎರಡೂ ಇವೆ, ಜೊತೆಗೆ ಮೂರನೆಯದೂ ಇದೆ: ಮಗಳನ್ನು ನೋಡಿಕೊಳ್ಳಲು ನೀವು ಕೆಲಸಕ್ಕೆ ಹೋಗುವಂತಿಲ್ಲ. ನಿಮ್ಮ ಕಳೆದುಹೋದ ಕೂಲಿ ಯಾವ ಕಾಗದದಲ್ಲೂ ಇಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗುವ ಜೀಪಿನ ಬಾಡಿಗೆಯೂ ಇಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದಾಗ, ಕೈಯಲ್ಲಿ ದುಡ್ಡಿದ್ದವರೂ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಹೋದರು. ಹತ್ತಿರದಲ್ಲಿ ಒಳ್ಳೆ ಆಸ್ಪತ್ರೆ ಇಲ್ಲದ ಊರಿನಲ್ಲಿ ನೂರು ರೂಪಾಯಿಗೆ ನೂರು ರೂಪಾಯಿಯ ಬೆಲೆ ಇರುವುದಿಲ್ಲ.

ಈಗ ಹಣದ ವಿಷಯ. ದೊಡ್ಡ ಮೊತ್ತ ಕೈಗೆ ಬಂದಾಗ ಕೇಳುವವರು ಜಾಸ್ತಿ ಬರುತ್ತಾರೆ, ಸಂಬಂಧಿಕರೂ ಸೇರಿ. ಅದನ್ನು ತಿಂಗಳ ಆದಾಯ ಮಾಡಿಬಿಡಿ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ 2023ರ ಏಪ್ರಿಲ್‌ನಲ್ಲಿ ಶೇ 7.4 ಬಡ್ಡಿ ನಿಗದಿ ಮಾಡಿದ್ದರು. ಆ ದರದಲ್ಲಿ ಐದು ಲಕ್ಷಕ್ಕೆ ತಿಂಗಳಿಗೆ ಸುಮಾರು ₹3,080 ಬರುತ್ತದೆ, ಐದು ವರ್ಷದ ಕೊನೆಗೆ ಅಸಲು ಹಾಗೇ ಇರುತ್ತದೆ. ಹಾಕುವ ದಿನ ಕೌಂಟರಿನಲ್ಲಿ ಆ ತ್ರೈಮಾಸಿಕದ ದರ ಕೇಳಿಕೊಳ್ಳಿ. ಪೂರ್ತಿ ಅಲ್ಲಿ ಹಾಕಬೇಡಿ. ನಲವತ್ತು ಐವತ್ತು ಸಾವಿರ ಉಳಿತಾಯ ಖಾತೆಯಲ್ಲಿರಲಿ, ರಾತ್ರಿ ಹೊತ್ತು ಆಸ್ಪತ್ರೆಗೆ ಓಡಬೇಕಾದರೆ ಬೇಕಾಗುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರದ ಆಶ್ವಾಸಕಿರಣಂ ಯೋಜನೆ ಇದೆ. ತಿಂಗಳಿಗೆ ಬರುವುದು ತುಂಬಾ ಕಮ್ಮಿ. ಆದರೂ ಅರ್ಜಿ ಹಾಕಿಲ್ಲ ಅಂದಿರಿ, ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಅಂಗನವಾಡಿಯಲ್ಲಿ ಕೇಳಿ ಹಾಕಿ. ಅದು ನಿಮ್ಮ ಹೆಸರಿಗೆ ಬರುವ ದುಡ್ಡು.

ಪ್ರಶ್ನೆ: ನಮಗೆ ಬಿಳಿ ರೇಷನ್ ಕಾರ್ಡು. ಗಂಡ ತೀರಿಕೊಂಡ ಮೇಲೆ ಆದಾಯವೇ ಇಲ್ಲ. ಗುಲಾಬಿ ಕಾರ್ಡು ಆಗುತ್ತದಾ?
(ಮುಳ್ಳೇರಿಯದ ಓದುಗರು)

ಉತ್ತರ: ಆಗುವ ಸಾಧ್ಯತೆ ಇದೆ. ಕೇರಳದಲ್ಲಿ ಬಿಳಿ ಆದ್ಯತೆ ಇಲ್ಲದವರ ಕಾರ್ಡು, ಗುಲಾಬಿ ಆದ್ಯತಾ ಕಾರ್ಡು. ಮನೆ ಸಾವಿರ ಚದರ ಅಡಿಗಿಂತ ದೊಡ್ಡದಾಗಿದ್ದರೆ, ಜಾಗ ಒಂದು ಎಕರೆಗಿಂತ ಜಾಸ್ತಿ ಇದ್ದರೆ, ಸ್ವಂತ ಕಾರು ಇದ್ದರೆ, ತಿಂಗಳ ಆದಾಯ ₹25,000 ದಾಟಿದರೆ, ಅಥವಾ ಸರ್ಕಾರಿ ಕೆಲಸದವರು ಮನೆಯಲ್ಲಿದ್ದರೆ ಕೊಡುವುದಿಲ್ಲ. ನಿಮ್ಮ ಮನೆ 900 ಚದರ ಅಡಿ, ಜಾಗ ಮೂವತ್ತು ಸೆಂಟ್ಸು ಎಂದು ಬರೆದಿದ್ದೀರಿ. ಕಾರು, ಸರ್ಕಾರಿ ಕೆಲಸದವರು ಮನೆಯಲ್ಲಿ ಇಲ್ಲ ಅಂತಾದರೆ ಈ ತಡೆ ಯಾವುದೂ ನಿಮಗಿಲ್ಲ. ಗಂಡನ ಆದಾಯ ಇನ್ನೂ ಕಾರ್ಡಿನಲ್ಲಿ ಹಾಗೇ ಇರಬಹುದು. ಮೊದಲು ಮರಣ ಪ್ರಮಾಣಪತ್ರ ಕೊಟ್ಟು ಅದನ್ನು ತೆಗೆಸಿ, ಆಮೇಲೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರದ ಆನ್‌ಲೈನ್ ಸೇವೆಯ ಕೇಂದ್ರ) ಆದ್ಯತಾ ಕಾರ್ಡಿಗೆ ಅರ್ಜಿ ಹಾಕಿ. ಅರ್ಜಿ ತೆಗೆದುಕೊಳ್ಳುವ ಸಮಯ ಆಗಾಗ ಮಾತ್ರ ತೆರೆಯುತ್ತದೆ, ರೇಷನ್ ಅಂಗಡಿಯಲ್ಲಿ ವಿಚಾರಿಸುತ್ತಿರಿ. ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದರೆ ಅದರ ಕಾಗದವನ್ನೂ ಜೊತೆಗಿಡಿ. ವಿಧವಾ ಪಿಂಚಣಿಗೆ ಪಂಚಾಯತಿನಲ್ಲಿ ಬೇರೆಯೇ ಅರ್ಜಿ ಕೊಡಬೇಕು. ಒಂದೇ ದಿನ ಎರಡೂ ಕೆಲಸ ಮುಗಿಸಿದರೆ ಬಸ್ ಖರ್ಚು ಉಳಿಯುತ್ತದೆ.